ಲಾಯಿಲದ ರೈಲಿಗೆ ಬೋಸ್ನಿಯಾದ ಸ್ವರ

ಲಾಯಿಲ

ಬೆಳ್ತಂಗಡಿ ಪೇಟೆಗೆ ಅಂಟಿಕೊಂಡಿರುವ ಲಾಯಿಲದಲ್ಲಿ, ನಮ್ಮ ಮನೆಯ ಗೇಟಿನ ಎದುರು, ಒಂದು ರೈಲ್ವೆ ಸ್ಟೇಷನ್ ಉಂಟು. ಹಂಚಿನ ಮಾಡು, ಕುಡಿಯುವ ನೀರಿನ ನಳ್ಳಿ, ಹಳದಿ ಬೋರ್ಡು, ಕೂರಲಿಕ್ಕೆ ಸಿಮೆಂಟಿನ ಬೆಂಚು. ಬಂಟ್ವಾಳದಿಂದ ಹೊರಟ ರೈಲು ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ, ಬೆಳ್ತಂಗಡಿ ದಾಟಿ ಇಲ್ಲಿಗೆ ಬರುತ್ತದೆ. ಮೂಡುಬಿದಿರೆಗೆ ಹೋಗುವವರು ಗುರುವಾಯನಕೆರೆಯಲ್ಲಿ ಇಳಿದು ಬೇರೆ ಗಾಡಿ ಹತ್ತಬೇಕು. ಇದನ್ನು ಓದಿ ಯಾರೂ ಹುಡುಕಿಕೊಂಡು ಬರಬೇಡಿ. ಇದೆಲ್ಲ ಇರುವುದು ನಮ್ಮವರ ಕಂಪ್ಯೂಟರಿನ ಒಳಗೆ. ಹೊರಗೆ ಗೇಟಿನ ಎದುರು ಇರುವುದು ಪಂಚಾಯತಿನ ಚರಂಡಿ.

ನಮ್ಮವರಿಗೆ ಬೆಳ್ತಂಗಡಿಯಲ್ಲಿ ಮೈಕ್ ಸೆಟ್ಟಿನ ಅಂಗಡಿ. ಮದುವೆ, ಯಕ್ಷಗಾನ, ಶಾಲೆಯ ವಾರ್ಷಿಕೋತ್ಸವ, ಹೀಗೆ ತಾಲೂಕಿನಲ್ಲಿ ಯಾರ ನಿದ್ದೆ ಕೆಡಬೇಕಿದ್ದರೂ ಇವರ ಡಬ್ಬದಿಂದಲೇ ಕೆಡಬೇಕು. ಮಳೆಗಾಲದಲ್ಲಿ ಕಾರ್ಯಕ್ರಮ ಇರುವುದಿಲ್ಲ. ಆಗ ಇವರು ಕಂಪ್ಯೂಟರಿನಲ್ಲಿ ರೈಲು ಓಡಿಸುವ ಆಟಕ್ಕೆ ಕೂತವರು, ಸಿಮ್ಯುಲೇಟರ್ ಎಂದು ಅದರ ಹೆಸರು, ನಿಧಾನಕ್ಕೆ ಹಳಿ ಹಾಕಲಿಕ್ಕೂ ಕಲಿತರು. ಸರಕಾರ ಮಾಡದ್ದನ್ನು ನಾವೇ ಮಾಡುವ ಎಂದು ಶುರು ಮಾಡಿದ್ದು ಈ ದಾರಿ. ಲಾಯಿಲದ ಸ್ಟೇಷನ್ ನನ್ನ ಒತ್ತಾಯದಿಂದ ಮಂಜೂರಾದದ್ದು. ಅಷ್ಟು ವರ್ಷ ಚಹಾ ಮಾಡಿ ಕೊಟ್ಟದ್ದಕ್ಕೆ ಅಷ್ಟಾದರೂ ಬೇಡವಾ?

ಈ ದಾರಿಯನ್ನು ಇಂಟರ್‌ನೆಟ್ಟಿನಲ್ಲಿ ಹಾಕಿದ ಮೇಲೆ ಗಲ್ಫಿನಲ್ಲಿರುವ ನಮ್ಮ ಕಡೆಯವರು ಅದಕ್ಕೆ ಅಂಟಿಕೊಂಡರು. ಮಡಂತ್ಯಾರಿನ ಇಬ್ರಾಹಿಂ ಕುವೈತಿನಲ್ಲಿ ಹೋಟೆಲಿನ ಮ್ಯಾನೇಜರ್. ಪ್ರತಿ ಶುಕ್ರವಾರ ನಮಾಜು, ಊಟ ಮುಗಿಸಿ, ಬಂಟ್ವಾಳದಿಂದ ಮಡಂತ್ಯಾರಿಗೆ ರೈಲು ಬಿಟ್ಟುಕೊಂಡು ಬಂದು ಮಲಗುತ್ತಾರೆ. ಅವರ ಹಾಗೆ ಹಲವರು ಇದ್ದಾರೆ, ಒಂದೇ ಹಳಿಯಲ್ಲಿ ಎಲ್ಲರ ರೈಲೂ ಒಟ್ಟಿಗೆ ಓಡುತ್ತದೆ. ಊರಿಗೆ ಬರಲಿಕ್ಕೆ ರಜೆ ಬೇಡ, ಟಿಕೇಟು ಬೇಡ.

ಆದರೆ ಉಗಿ ಇಂಜಿನಿನ ಸದ್ದು ಎಲ್ಲಿಂದ ತರುವುದು? ಅದಕ್ಕೆ ಒಂದು ಗುಂಪು ಉಂಟು. ದೇಶ ದೇಶದವರು ಹಳೇ ಇಂಜಿನುಗಳ ಸದ್ದನ್ನು ರೆಕಾರ್ಡ್ ಮಾಡಿ ಅಲ್ಲಿ ಇಡುತ್ತಾರೆ, ಬೇಕಾದವರು ತೆಗೆದುಕೊಳ್ಳಬಹುದು. ಇವರು ವರ್ಷಗಟ್ಟಲೆ ತೆಗೆದುಕೊಂಡರು. ಸೀಟಿ ಒಂದು ಕಡೆಯದ್ದು, ಬ್ರೇಕು ಇನ್ನೊಂದು ಕಡೆಯದ್ದು. ಕೊನೆಗೆ ಗುಂಪಿನ ಯಜಮಾನ, ಹಾಲೆಂಡಿನ ಒಬ್ಬ ಪಿಂಚಣಿಯ ಮೇಷ್ಟ್ರು, ತುಂಬ ಮರ್ಯಾದೆಯಲ್ಲಿ ಬರೆದರು: ಬರೀ ತೆಗೆದುಕೊಳ್ಳುವವರು ಈ ವರ್ಷ ಒಂದಾದರೂ ಸ್ವಂತ ರೆಕಾರ್ಡಿಂಗ್ ಕೊಡಬೇಕು. ಕೊಡದಿದ್ದರೆ ಗುಂಪು ಬಿಡಬೇಕು, ಇಷ್ಟರ ತನಕ ತೆಗೆದುಕೊಂಡದ್ದನ್ನೂ ಅಳಿಸಬೇಕು.

ಅಂದರೆ ನಮ್ಮ ರೈಲು ಮೂಕವಾಗುತ್ತದೆ. ಇವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಆ ಗುಂಪಿನಲ್ಲಿಯೇ ಅಮ್ರಾ ಎಂಬ ಹುಡುಗಿ ಇದ್ದಳು. ಬೋಸ್ನಿಯಾ ದೇಶದ ಟುಜ್ಲಾ ಎಂಬ ಊರಿನ ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ಅವಳ ಅಪ್ಪ ಅಲ್ಲಿಯ ಒಂದು ಕಲ್ಲಿದ್ದಲ ಗಣಿಯಲ್ಲಿ ಈಗಲೂ ಉಗಿ ಇಂಜಿನ್ ಓಡಿಸುತ್ತಾರಂತೆ. ಪ್ರದರ್ಶನಕ್ಕಲ್ಲ, ಕೆಲಸಕ್ಕೆ. ಆ ಇಂಜಿನಿನ ಸದ್ದು ಗುಂಪಿನಲ್ಲಿ ಇರಲಿಲ್ಲ. ಬನ್ನಿ, ನಮ್ಮ ಮನೆಯಲ್ಲೇ ಇರಬಹುದು, ಎಂದು ಬರೆದಳು.

"ಬೋಸ್ನಿಯಾಕ್ಕಾ? ಅಲ್ಲಿ ಎಂತ ಉಂಟು?" ಎಂದು ಕೇಳದವರು ಲಾಯಿಲದಲ್ಲಿ ಯಾರೂ ಉಳಿಯಲಿಲ್ಲ. ನಾನು "ಸೌಂಡಿನ ಕೆಲಸ" ಎಂದು ಹೇಳಿದೆ. ಅಲ್ಲಿಯ ಮದುವೆಗೂ ನಮ್ಮವರದ್ದೇ ಮೈಕು ಎಂದು ಜನ ತಿಳಿದುಕೊಂಡರು. ಅಂಗಡಿಗೆ ಒಳ್ಳೆಯದೇ ಆಯಿತು.

ಸರಾಯೆವೋದಿಂದ ಟುಜ್ಲಾಕ್ಕೆ

ದುಬೈಯಲ್ಲಿ ವಿಮಾನ ಬದಲಿಸಿ ಸರಾಯೆವೋದಲ್ಲಿ ಇಳಿದಾಗ ಹನಿ ಮಳೆ. ಅಮ್ರಾಳ ಅಪ್ಪ ಮಿರ್ಸಾದ್ ಕಾರು ತೆಗೆದುಕೊಂಡು ಬಂದಿದ್ದರು. ಅಗಲ ಮೈ, ನೆರೆತ ಮೀಸೆ, ಮಾತು ಕಡಿಮೆ. ಬೋಸ್ನಿಯಾದ ಭಾಷೆ ಬಿಟ್ಟು ಅವರಿಗೆ ಬೇರೆ ಬರುವುದಿಲ್ಲ. ಅಮ್ರಾ ಎದುರಿನ ಸೀಟಿನಲ್ಲಿ ಕೂತು ಆಚೆಯಿಂದ ಈಚೆಗೆ ಮಾತು ಸಾಗಿಸಿದಳು.

ನನಗೆ ಚಾರ್ಮಾಡಿ ಘಾಟಿಯಲ್ಲೇ ವಾಂತಿ ಬರುತ್ತದೆ. ಇದು ಅದಕ್ಕಿಂತ ತಿರುವಿನ ದಾರಿ. ಬ್ಯಾಗಿನಲ್ಲಿದ್ದ ಲಿಂಬೆಹುಳಿ ಮೂಸಿಕೊಂಡು ಕಿಟಕಿ ಸ್ವಲ್ಪ ಇಳಿಸಿದೆ. ಮಿರ್ಸಾದ್ ಎದುರಿನಿಂದಲೇ ಗುಂಡಿ ಒತ್ತಿ ಏರಿಸಿದರು. ಸ್ವಲ್ಪ ಹೊತ್ತು ಬಿಟ್ಟು ಪುನಃ ಇಳಿಸಿದೆ, ಪುನಃ ಏರಿತು. ಮೂರನೇ ಸಲಕ್ಕೆ ಅಮ್ರಾ ಸಂಕೋಚದಿಂದ ಹೇಳಿದಳು: ಒಂದು ಕಡೆಯಿಂದ ಬಂದ ಗಾಳಿ ಮೈಗೆ ತಾಗಿದರೆ ಕುತ್ತಿಗೆ ಹಿಡಿಯುತ್ತದೆ, ಹಲ್ಲು ನೋಯುತ್ತದೆ, ಇನ್ನೂ ಏನೇನೋ ಆಗುತ್ತದೆ ಎಂದು ಇಲ್ಲಿಯವರ ನಂಬಿಕೆ.

ನಮ್ಮಲ್ಲೂ ಗಾಳಿ ತಾಗುವುದುಂಟು. ಆದರೆ ಅದಕ್ಕೆ ಹೆಸರು, ಕುಲ ಎಲ್ಲ ಇರುತ್ತದೆ, ಒಂದು ಕೋಳಿಯಲ್ಲಿ ಮಾತುಕತೆ ಮುಗಿಯುತ್ತದೆ. ಇವರದ್ದು ಬರೀ ಗಾಳಿ. ಅದನ್ನು ಯಾವ ಬಾಯಲ್ಲಿ ವಿವರಿಸುವುದು? ಲಿಂಬೆಹುಳಿ ಮೂಸುತ್ತಾ ಕಣ್ಣು ಮುಚ್ಚಿದೆ.

ಮನೆಯ ಬಾಗಿಲಲ್ಲಿ ಮಿರ್ಸಾದರ ಹೆಂಡತಿ ಹಾತಿಜಾ ನಿಂತಿದ್ದರು. ನಮ್ಮ ನೆರೆಮನೆಯ ಖತೀಜಮ್ಮನದ್ದೇ ಹೆಸರು, ಅವರ ಹಾಗೆಯೇ ಸೊಂಟಕ್ಕೆ ಕೈ ಇಟ್ಟು ನಿಲ್ಲುವ ಕ್ರಮ. ಅವರು ಹೇಳುವ ಮೊದಲೇ ನಾವು ಚಪ್ಪಲಿ ಹೊರಗೆ ಬಿಟ್ಟೆವು. ಅವರಿಗೆ ಬಹಳ ಸಂತೋಷವಾಯಿತು, ಕೂಡಲೇ ಒಳಗಿನಿಂದ ಬೇರೆ ಎರಡು ಜೊತೆ ಚಪ್ಪಲಿ ತಂದು ಇಟ್ಟರು. ಬಿಚ್ಚಿದ್ದು ಯಾಕೆ, ಪುನಃ ಹಾಕಿದ್ದು ಯಾಕೆ ಎಂದು ಇವರು ನನ್ನನ್ನು ನೋಡಿದರು.

"ಸುಮ್ಮನೆ ಹಾಕಿಕೊಳ್ಳಿ ಮಾರಾಯ್ರೆ, ನೆಂಟರ ಮನೆ," ಎಂದೆ.

ಕಾಫಿ ಬಂತು. ಹಿಡಿ ಇರುವ ಸಣ್ಣ ತಾಮ್ರದ ಪಾತ್ರೆಯಲ್ಲಿ ಕಪ್ಪು ಕಾಫಿ, ಪಕ್ಕದಲ್ಲಿ ಸಕ್ಕರೆಯ ತುಂಡು. ತುಂಡಿನ ಮೂಲೆಯನ್ನು ಕಾಫಿಗೆ ಮುಟ್ಟಿಸಿ, ಕಚ್ಚಿ, ಮೇಲಿನಿಂದ ಒಂದು ಗುಟುಕು ಕುಡಿಯಬೇಕು. ನಾನು ತುಂಡನ್ನು ಕಾಫಿಗೆ ಹಾಕಿ ಚಮಚದಲ್ಲಿ ಕದಡಿದೆ. ಅಡಿಯಲ್ಲಿ ಕೂತಿದ್ದ ಗಸಿಯೆಲ್ಲ ಮೇಲೆ ಬಂತು. ಅದನ್ನು ಅಷ್ಟೂ ಕುಡಿದೆ, ಏನು ಮಾಡುವುದು. ಈ ಕಾಫಿಗೆ ಮುಗಿಯುವ ಹೊತ್ತು ಎಂದು ಇಲ್ಲ. ಅಲ್ಲಿ ಹೆಚ್ಚು ಕೇಳುವ ಮಾತು "ಪೊಲಾಕೋ", ಅಂದರೆ ನಿಧಾನ. ಗಂಟೆಗಟ್ಟಲೆ ಒಂದು ಲೋಟ ಹಿಡಿದು ಕೂರುವ ಜನರನ್ನು ನಾನು ನೋಡಿದ್ದು ಮೊದಲು. ನಮ್ಮಲ್ಲಿ ಹೋಟೆಲಿನಲ್ಲಿ ಹಾಗೆ ಕೂತರೆ ಟೇಬಲ್ ಒರೆಸುವವ ಕೈಯನ್ನೂ ಸೇರಿಸಿ ಒರೆಸುತ್ತಾನೆ.

ಗಣಿಯಲ್ಲಿ ಮೊದಲ ದಿನ

ಬೆಳಿಗ್ಗೆ ಗುಡ್ಡದ ಬುಡದ ಗಣಿಗೆ ಹೋದೆವು. ದಾರಿಯಲ್ಲಿ ಗದ್ದೆಗಳ ನಡುವೆ ಕಂಬ ನೆಟ್ಟು ಒಟ್ಟಿದ ಹುಲ್ಲಿನ ರಾಶಿ, ನಮ್ಮ ಬೈಹುಲ್ಲಿನ ಹಾಗೆಯೇ. ಒಂದು ಮಸೀದಿಯ ಗೋಪುರ. ಮುಚ್ಚಿದ ಕಿಟಕಿಯೊಳಗೆ ನಾನು ಮತ್ತು ಲಿಂಬೆಹುಳಿ.

ಶೆಡ್ಡಿನ ಎದುರು ಇಂಜಿನ್ ನಿಂತಿತ್ತು. ಕಪ್ಪು, ದೊಡ್ಡದು, ಮೈಯಿಡೀ ಬೆವರಿದ ಹಾಗೆ. ಸುಮ್ಮನೆ ನಿಂತರೂ ಉಸಿರಾಡುತ್ತದೆ. ಇವರು ಅದರ ಎದುರು ಕೈ ಕಟ್ಟಿ ನಿಂತರು. ನಮ್ಮ ಮದುವೆಯಲ್ಲಿ ನನ್ನನ್ನು ಹಾಗೆ ನೋಡಿದ ನೆನಪಿಲ್ಲ.

ರೆಕಾರ್ಡಿಂಗಿಗೆ ಇವರಿಗೆ ಬೇಕಾದದ್ದು ಏರು. ಭಾರದ ಗಾಡಿಗಳನ್ನು ಎಳೆದುಕೊಂಡು ಇಂಜಿನ್ ಗುಡ್ಡ ಹತ್ತುವಾಗ ತೇಕುವ ಸದ್ದು. ಪುಂಜಾಲಕಟ್ಟೆಯ ಏರಿಗೆ ಹಾಕಲಿಕ್ಕೆ.

"ಇಂಜಿನಿಗೆ ಕಷ್ಟ ಆಗಬೇಕು ಅಂತ ಹೇಳು ಅವರಿಗೆ," ಎಂದು ಅಮ್ರಾಳಿಗೆ ಇಂಗ್ಲಿಷಿನಲ್ಲಿ ಹೇಳಿದರು. ಅಮ್ರಾ ಹೇಳಿದಳು. ಮಿರ್ಸಾದರ ಮೀಸೆ ಅಲುಗಿತು. ಅವಳು ಅಳುಕುತ್ತಾ ತಿರುಗಿಸಿ ಹೇಳಿದಳು: "ಅಪ್ಪ ಕೇಳ್ತಾರೆ, ನೆಂಟರಿಗಾಗಿ ಯಾರಾದರೂ ಮನೆಯ ಮುದುಕಿಗೆ ಹೊರೆ ಹೊರಿಸ್ತಾರಾ?"

ಅವರ ಪ್ರಕಾರ ಒಳ್ಳೆಯ ಡ್ರೈವರ್ ಎಂದರೆ ಯಾರಿಗೂ ಕೇಳದ ಹಾಗೆ ಓಡಿಸುವವ. ನೆಂಟರು ಬಂದಿದ್ದಾರೆಂದು ಇಂಜಿನಿಗೆ ಎಣ್ಣೆ ಹಾಕಿ ಒರೆಸಿ, ಮೂರೇ ಮೂರು ಖಾಲಿ ಗಾಡಿ ಕಟ್ಟಿದ್ದರು.

ಇವರು ಬೇಸರ ನುಂಗಿ ರೆಕಾರ್ಡರನ್ನು ಇಂಜಿನಿನ ಪಕ್ಕದ ಕಂಬಿಗೆ ಕಟ್ಟಿದರು. ಮಳೆಗೆ, ಹಬೆಗೆ ಅದಕ್ಕೊಂದು ಮಾಡು ಬೇಕಲ್ಲ. ಅದಕ್ಕೆ ಊರಿನಿಂದಲೇ ಮುಟ್ಟಾಳೆ ತಂದಿದ್ದರು, ಅಡಿಕೆ ಹಾಳೆಯಿಂದ ಮಾಡಿ ಕೆಲಸದವರು ತಲೆಗೆ ಇಡುವ ಟೊಪ್ಪಿ. "ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ಕಿನದಕ್ಕೆ ಮಳೆ ಹನಿ ಬಿದ್ದರೆ ಟಪ ಟಪ ಸದ್ದು. ಇದಕ್ಕೆ ಇಲ್ಲ. ಹಾಲೆಂಡಿನವರ ತಲೆಗೆ ಹೊಳೆಯದ ವಿಷಯ ಇದು," ಎಂದು ಕಟ್ಟುವಾಗ ನನಗೆ ಪಾಠ ಮಾಡಿದರು. ಗುಂಡಿ ಒತ್ತಿದ ಕೂಡಲೇ ಬಾಯಿ ತನ್ನಿಂತಾನೇ ತೆರೆಯಿತು: "ಹಲೋ, ಮೈಕ್ ಟೆಸ್ಟಿಂಗ್, ಒಂದು, ಎರಡು..." ಪುನಃ ಮೊದಲಿನಿಂದ.

ರೈಲು ಗುಡ್ಡಕ್ಕೆ ಹೋಗಿ ಬಂತು. ಮಿರ್ಸಾದ್ ಅಷ್ಟು ಹಗುರವಾಗಿ ಬಿಟ್ಟರೆಂದರೆ, ಹಾಲಿನ ಚೊಂಬು ಹಿಡಿದುಕೊಂಡು ಕೂತಿದ್ದರೂ ತುಳುಕುತ್ತಿರಲಿಲ್ಲ.

ಮಧ್ಯಾಹ್ನ ಅವರ ಮನೆಯಲ್ಲಿ ರೆಕಾರ್ಡಿಂಗ್ ಕೇಳಲಿಕ್ಕೆ ಕೂತೆವು. ಇಂಜಿನಿನ ಸದ್ದು ಮೆತ್ತಗೆ ಇತ್ತು. ಅದರ ನಡುವೆ ಬೇರೆ ಒಂದು: ಟಕ್, ಟಟಕ್, ಟಕ್. ಹದವಿಲ್ಲದ್ದು, ಒಣಗಿದ್ದು. ಏರಿನಲ್ಲಿ ಹೆಚ್ಚು, ನಿಂತಾಗಲೂ ಇದ್ದದ್ದೇ.

ಇವರು ಹೆಡ್‌ಫೋನ್ ಮಿರ್ಸಾದರಿಗೆ ಕೊಟ್ಟರು. ಅವರು ಕೇಳಿದರು, ಇನ್ನೊಮ್ಮೆ ಕೇಳಿದರು. ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ಇಟ್ಟಾಗ ಮುಖ ಸಪ್ಪೆಯಾಗಿತ್ತು. ಹಾತಿಜಾ ಸುರಿಯುತ್ತಿದ್ದ ಕಾಫಿಯನ್ನು ಅರ್ಧದಲ್ಲಿ ನಿಲ್ಲಿಸಿದರು.

"ಬಾಯ್ಲರಿನಲ್ಲಿ ಏನೋ ಸಡಿಲ ಆಗಿದೆ ಅಂತೆ," ಅಂದಳು ಅಮ್ರಾ. "ಇಷ್ಟು ವರ್ಷ ಕಿವಿಗೆ ಬೀಳಲಿಲ್ಲವಲ್ಲಾ, ನನಗೆ ವಯಸ್ಸಾಯಿತು, ಅಂತಾರೆ."

ಕಾಫಿ ಮುಗಿಸದೆ ಎದ್ದು ಗಣಿಗೆ ಹೋದರು. ಆ ಮನೆಯಲ್ಲಿ ಕಾಫಿ ಮುಗಿಸದೆ ಏಳುವುದು ಎಂದರೆ ಏನೆಂದು ನನಗೆ ಅಷ್ಟರಲ್ಲಿ ಗೊತ್ತಾಗಿತ್ತು.

ಸಂಜೆಗೆ ಸುದ್ದಿ ಬಂತು. ಇಂಜಿನನ್ನು ನಿಲ್ಲಿಸಿದ್ದಾರೆ, ಪರೀಕ್ಷೆ ಆಗದೆ ಹಳಿಗೆ ಇಳಿಯುವ ಹಾಗಿಲ್ಲ. ಮೇಲಿನವರಿಗೆ ಅದು ಹೇಗೂ ಬೇಡವಾಗಿತ್ತು, ಡೀಸೆಲ್ ಉಂಟು. ದೋಷ ಇರುವುದು ನಿಜವಾದರೆ ರಿಪೇರಿಗೆ ಯಾರೂ ಕೈ ಹಾಕುವುದಿಲ್ಲ, ನೇರ ಗುಜರಿಗೆ. ನಾವು ಹೊರಡಲಿಕ್ಕೆ ಇನ್ನು ಉಳಿದದ್ದು ಒಂದೇ ದಿನ.

ಇವರು ಮಂಚದ ತುದಿಯಲ್ಲಿ ಕೂತರು. "ನಾವು ಬಂದು ಒಂದು ಇಂಜಿನನ್ನು ಕೊಂದ ಹಾಗಾಯಿತಲ್ಲ," ಅಂದರು. ನಮ್ಮ ರೈಲು ಮೂಕವಾಗುವ ಸಂಗತಿಯನ್ನು ಇವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಹಾತಿಜಾರ ಅಡುಗೆಮನೆ

ಮರುದಿನ ಬೆಳಿಗ್ಗೆ ಗಂಡಸರು, ಅಮ್ರಾ ಎಲ್ಲ ಗಣಿಯ ವ್ಯಾನಿನಲ್ಲಿ ಶೆಡ್ಡಿಗೆ ಹೋಗಿದ್ದರು. ನಾನು ಊರಿನಿಂದ ತಂದಿದ್ದ ಕುಚ್ಚಲಕ್ಕಿಯ ಗಂಜಿ ಮಾಡಿದೆ, ಮಾವಿನ ಮಿಡಿಯ ಉಪ್ಪಿನಕಾಯಿ ಇಟ್ಟೆ. ಹಾತಿಜಾ ಒಂದು ಚಮಚ ರುಚಿ ನೋಡಿ ನನ್ನ ಹಣೆ ಮುಟ್ಟಿ ನೋಡಿದರು. ಜ್ವರ ಬಂದವರ ಊಟ ಎಂದು ಗ್ರಹಿಸಿದ್ದು. ಉಪ್ಪಿನಕಾಯಿ ಬಾಯಿಗೆ ಹಾಕಿದ ಮೇಲೆ ಅವರ ಹಣೆಯನ್ನೇ ಮುಟ್ಟಿ ನೋಡುವ ಹಾಗಾಯಿತು.

ನಮ್ಮಿಬ್ಬರಿಗೆ ಮಾತಿಲ್ಲ, ಬರೀ ಕೈಸನ್ನೆ. ಅಡುಗೆಮನೆಯ ಮೂಲೆಯಲ್ಲಿ ಕಲ್ಲಿದ್ದಲಿನ ಒಲೆ ಉರಿಯುತ್ತಿತ್ತು. ಹಾಗೆ ಗಂಜಿ ಕುಡಿಯುತ್ತಿರುವಾಗ ಹಿಂದಿನಿಂದ ಕೇಳಿತು: ಟಕ್. ಟಟಕ್.

ಹಾತಿಜಾ ಬೆಚ್ಚಿ ಎದ್ದು ಒಲೆಯ ಬಾಗಿಲು ತೆರೆದು ನೋಡಿದರು. ನನ್ನ ಕೈಯಲ್ಲಿ ಚಮಚ ನಿಂತಿತು. ಈ ಸದ್ದು ನನಗೆ ಗೊತ್ತು. ನಮ್ಮ ತಾರಸಿಯಲ್ಲಿ ಅಡಿಕೆ ಹಾಳೆ ಬಿಸಿಲಿಗೆ ಹಾಕಿದರೆ ಮಧ್ಯಾಹ್ನ ಮಲಗಲಿಕ್ಕೆ ಬಿಡುವುದಿಲ್ಲ. ಒದ್ದೆ ಹಾಳೆ ಬಿಸಿಗೆ ಒಣಗುವಾಗ ಸೆಟೆದುಕೊಂಡು ಹೀಗೆಯೇ ಸಿಡಿಯುತ್ತದೆ.

ಒಲೆಯ ಹಿಂದೆ, ಮೊಳೆಯಲ್ಲಿ, ಮುಟ್ಟಾಳೆ ತೂಗುತ್ತಿತ್ತು. ನಿನ್ನೆ ಮಳೆಗೆ ಒದ್ದೆಯಾದದ್ದನ್ನು ಪಾಪ, ಹಾತಿಜಾರೇ ಒಣಗಲಿಕ್ಕೆ ಹಾಕಿದ್ದರು.

ನಾನು ಅದನ್ನು ನೀರಲ್ಲಿ ಅದ್ದಿ ಒಲೆಗೆ ಹತ್ತಿರ ಹಿಡಿದೆ. ಕಾದೆವು. ಟಕ್. ಹಾತಿಜಾ ನನ್ನನ್ನು ನೋಡಿದರು, ಟೊಪ್ಪಿಯನ್ನು ನೋಡಿದರು. ಮತ್ತೆ ತಲೆವಸ್ತ್ರ ಬಿಗಿದುಕೊಂಡು ಕಾರಿನ ಬೀಗದ ಕೈ ತೆಗೆದರು. ಅವರು ಕಾರು ಓಡಿಸುವುದು ನನಗೆ ಗೊತ್ತಿರಲಿಲ್ಲ. ಅವರದ್ದು "ಪೊಲಾಕೋ" ಅಲ್ಲವೇ ಅಲ್ಲ. ಕಿಟಕಿ ಮಾತ್ರ ಮುಚ್ಚಿಯೇ ಇತ್ತು.

ಗಣಿಯಲ್ಲಿ ಎರಡನೇ ದಿನ

ಶೆಡ್ಡಿನಲ್ಲಿ ಇಂಜಿನಿನ ಮೈಯನ್ನು ಸುತ್ತಿಗೆಯಿಂದ ತಟ್ಟಿ ತಟ್ಟಿ ಕೇಳುತ್ತಿದ್ದರು. ಇವರು ಒಂದು ಮೂಲೆಯಲ್ಲಿ, ಸಾವಿನ ಮನೆಗೆ ಬಂದವರ ಹಾಗೆ.

"ಮಾರಾಯ್ರೆ, ಅದು ಇಂಜಿನಲ್ಲ, ನಿಮ್ಮ ಮುಟ್ಟಾಳೆ," ಎಂದೆ.

"ಎಂತ ಮಾತಾಡ್ತಿ ಮಾರಾಯ್ತಿ? ಹಾಳೆ ಎಲ್ಲಿಯಾದರೂ ಸದ್ದು ಮಾಡ್ತದಾ?"

"ತಾರಸಿಯಲ್ಲಿ ಮಧ್ಯಾಹ್ನ ಮಲಗಿ ನೋಡಿ ಒಮ್ಮೆ. ನೀವು ಎಲ್ಲಿ, ಅಂಗಡಿಯಲ್ಲಿ ಫ್ಯಾನಿನಡಿ."

ಬಾಯ್ಲರ್ ಇನ್ನೂ ಬೆಚ್ಚಗಿತ್ತು. ಅದಕ್ಕೆ ಒದ್ದೆ ಟೊಪ್ಪಿಯನ್ನು ಒತ್ತಿ ಹಿಡಿದೆ. ಸುತ್ತಿಗೆಯವರು ನಿಲ್ಲಿಸಿದರು. ಎಲ್ಲ ಕೆಲಸದವರೂ ಬಂದು ಸುತ್ತ ನಿಂತರು, ನಾನು ಜಾದು ಮಾಡುವವಳ ಹಾಗೆ. ಹಾಳಾದ್ದು, ಬೇಕೆಂದಾಗ ಸದ್ದಿಲ್ಲ. ಕೈ ಸೋಲುವಷ್ಟು ಹೊತ್ತಾದ ಮೇಲೆ, ಟಕ್. ಟಟಕ್.

ಮಿರ್ಸಾದ್ ನಗಲಿಲ್ಲ. ಹತ್ತಿರ ಬಂದು ಟೊಪ್ಪಿ ತೆಗೆದುಕೊಂಡರು, ತಿರುಗಿಸಿದರು, ಮೂಸಿದರು, ಉಗುರಿನಲ್ಲಿ ತಟ್ಟಿದರು. ಆಮೇಲೆ ಅದನ್ನು ತಲೆಗೆ ಇಟ್ಟುಕೊಂಡು ಇವರ ಕಡೆ ತಿರುಗಿ ಒಂದು ಉದ್ದದ ವಾಕ್ಯ ಹೇಳಿದರು. ಕೆಲಸದವರೆಲ್ಲ ಬಿದ್ದು ಬಿದ್ದು ನಕ್ಕರು. ಅಮ್ರಾ ಕೆಂಪಾಗಿ, "ಅದನ್ನು ಭಾಷಾಂತರ ಮಾಡಲಿಕ್ಕೆ ಆಗುವುದಿಲ್ಲ," ಅಂದಳು.

"ಬೇಡ, ಅರ್ಥ ಆಯಿತು," ಎಂದರು ಇವರು.

ಪರೀಕ್ಷೆಯಲ್ಲಿ ಇಂಜಿನ್ ಪಾಸಾಯಿತು. ಆದರೆ ಕಾಯಿಲೆಯೆಂದು ಊರಿಡೀ ಸುದ್ದಿಯಾದ ಮೇಲೆ ಪಾಸಾದರೆ ಮಾತ್ರ ಸಾಕಾಗುತ್ತದಾ? ನಿನ್ನೆ ಮುದುಕಿಗೆ ಹೊರೆ ಬೇಡವೆಂದ ಮನುಷ್ಯ ಇವತ್ತು ತಾನಾಗಿಯೇ ಕಲ್ಲಿದ್ದಲು ತುಂಬಿದ ಗಾಡಿಗಳನ್ನು ಸಾಲಾಗಿ ಕಟ್ಟಿಸಿದರು. ಕೊನೆಯ ಗಾಡಿ ತಿರುವಿನ ಆಚೆ, ನನಗೆ ಕಾಣಲಿಲ್ಲ. ಒಂದೇ ಷರತ್ತು: ಟೊಪ್ಪಿ ಇಂಜಿನಿಗೆ ಇಲ್ಲ, ಅದು ಅವರ ತಲೆಯ ಮೇಲೆ ಇರಬೇಕು.

ಹಾಗಾದರೆ ರೆಕಾರ್ಡರಿಗೆ ಮಳೆಯಿಂದ ಮರೆ ಏನು? ಇವರು ನನ್ನನ್ನು ನೋಡಿದರು. ನನ್ನ ಕೊಡೆಯನ್ನೂ ನೋಡಿದರು.

ಹೀಗೆ ನಾನು, ಬೆಳ್ತಂಗಡಿ ತಾಲೂಕಿನ ಒಬ್ಬ ಗೃಹಿಣಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಉಗಿ ಇಂಜಿನಿನ ಡ್ರೈವರ್ ಕಟ್ಟೆಯ ಮೇಲೆ, ಕಂಬಿಯಾಚೆಗೆ ಕೊಡೆ ಚಾಚಿ ನಿಂತದ್ದು.

"ಒಂದು ಮಾತೂ ಆಡಬಾರದು," ಎಂದರು ಇವರು. "ಸೀನಿದರೂ ಹೋಯಿತು. ಇನ್ನೊಂದು ಸಲ ಇಲ್ಲ."

"ಹೂಂ."

"ಅದೂ ಬೇಡ."

ಹೊರಟಿತು. ಮೊದಲು ಒಂದೊಂದೇ ಉಸಿರು, ನಡುವೆ ಇನ್ನೊಂದು ಬರುವುದಿಲ್ಲವೇನೋ ಎನ್ನುವಷ್ಟು ಅಂತರ. ಏರು ಸುರುವಾದ ಮೇಲೆ ಆ ಸದ್ದು ಕಿವಿಯಿಂದಲ್ಲ, ಪಾದದಿಂದ ಹತ್ತಿಕೊಂಡು ಬಂತು. ಬೆಂಕಿಯ ಬಾಗಿಲು ತೆರೆದಾಗ ಮುಖ ಬೇಯುತ್ತಿತ್ತು, ಮುಚ್ಚಿದಾಗ ಬೆನ್ನು ಒದ್ದೆ. ಕಣ್ಣಿಗೆ ಮಸಿ ಬಿತ್ತು. ಒಂದು ತಿರುವಿನಲ್ಲಿ ಚಕ್ರ ಜಾರಿ ಇಂಜಿನ್ ಒಮ್ಮೆಲೇ ಗಡಗಡ ಎಂದು ಬಡಬಡಿಸಿತು. ನಮ್ಮ ಬಸ್ಸಿನಲ್ಲಾದರೆ ನಾನು ಏನೆಲ್ಲ ಹೇಳುತ್ತಿದ್ದೆ, ಯಾವ ಯಾವ ದೇವರನ್ನು ಕರೆಯುತ್ತಿದ್ದೆ. ಹಲ್ಲು ಕಚ್ಚಿ ಹಿಡಿದೆ. ಮಿರ್ಸಾದ್ ಒಂದು ಹಿಡಿಯನ್ನು ಒಂದಿಷ್ಟೇ ಹಿಂದೆ ಎಳೆದರು, ಚಕ್ರ ಪುನಃ ಕಚ್ಚಿತು. ಮುಟ್ಟಾಳೆಯ ಅಂಚಿನಿಂದ ನೀರು ಅವರ ಮೀಸೆಗೆ ಇಳಿಯುತ್ತಿತ್ತು. ನೋಡಲಿಕ್ಕೆ ನಮ್ಮ ಕಡೆಯ ಗದ್ದೆ ಕೆಲಸದವರ ಹಾಗೆಯೇ, ಕೈಯಲ್ಲಿ ಮಾತ್ರ ರೈಲು.

ತುದಿಗೆ ಮುಟ್ಟಿ ನಿಂತಾಗ ಅವರು ಸೀಟಿಯ ಸರಿಗೆ ಹಿಡಿದು ಉದ್ದಕ್ಕೆ ಎಳೆದರು. ಗುಡ್ಡ ಅದನ್ನು ಒಮ್ಮೆ ಹಿಂದೆ ಕೊಟ್ಟಿತು. ಇವರು ಗುಂಡಿ ಒತ್ತಿ ನಿಲ್ಲಿಸಿದರು.

"ಇನ್ನು ಮಾತಾಡು," ಅಂದರು.

ನನಗೆ ಹೇಳಲಿಕ್ಕೆ ಏನೂ ನೆನಪಾಗಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ.

ಪುನಃ ಲಾಯಿಲ

ರೆಕಾರ್ಡಿಂಗ್ ಗುಂಪಿಗೆ ಹೋಯಿತು. ಹಾಲೆಂಡಿನ ಮೇಷ್ಟ್ರು ಚಕ್ರ ಜಾರಿದ ಜಾಗವನ್ನು ವಿಶೇಷವಾಗಿ ಮೆಚ್ಚಿ ಬರೆದರು. ಹಿನ್ನೆಲೆಯಲ್ಲಿ ಒಂದು ಮನುಷ್ಯ ಸ್ವರವೂ ಇಲ್ಲ, ಇಂಥ ಶಿಸ್ತು ಅಪರೂಪ, ಎಂದು ಸೇರಿಸಿದ್ದರು. ಇವರು ಅದನ್ನು ನನಗೆ ಎರಡು ಸಲ ಓದಿ ಹೇಳಿದರು. ನಮ್ಮ ರೈಲು ಈಗ ಪುಂಜಾಲಕಟ್ಟೆಯ ಏರನ್ನು ಸ್ವಂತ ಸ್ವರದಲ್ಲಿ ಹತ್ತುತ್ತದೆ.

ಗಣಿಯವರು ಆ ಇಂಜಿನನ್ನು ಆರು ತಿಂಗಳೂ ಇಟ್ಟುಕೊಳ್ಳಲಿಲ್ಲ. ದೋಷ ಏನೂ ಇರಲಿಲ್ಲ. ಡೀಸೆಲ್ಲಿಗೆ ಒರೆಸುವ ಕೆಲಸ ಇಲ್ಲವಂತೆ, ಅಷ್ಟೇ ಕಾರಣ. ಅದರ ಜೊತೆಗೇ ಮಿರ್ಸಾದರಿಗೂ ಪಿಂಚಣಿಯಾಯಿತು. ಅಮ್ರಾ ಅವರಿಗೆ ಕಂಪ್ಯೂಟರ್ ಕೂರಿಸಿ ಕೊಟ್ಟಳು.

ಈಗ ಶುಕ್ರವಾರ ನಮ್ಮ ದಾರಿಯಲ್ಲಿ ಅವರೂ ಇರುತ್ತಾರೆ. ಬಂಟ್ವಾಳದಿಂದ ಸರಿಯಾಗಿ ಹೊರಡುತ್ತಾರೆ, ಪುಂಜಾಲಕಟ್ಟೆಗೆ ಬಂದು ನಿಂತುಬಿಡುತ್ತಾರೆ. ಕಾಫಿ. ಒಂದೇ ಹಳಿ, ಹಿಂದಿನವರು ಮುಂದೆ ಬರುವ ಹಾಗಿಲ್ಲ. ಇಬ್ರಾಹಿಂ ಕುವೈತಿನಿಂದ ಫೋನ್ ಮಾಡುತ್ತಾರೆ: "ಅಕ್ಕಾ, ನಿಮ್ಮ ನೆಂಟರಿಗೆ ಸ್ವಲ್ಪ ಹೇಳಿ. ನಾನು ಮಡಂತ್ಯಾರಿಗೆ ಬಂದು ಮಲಗುವವ, ನನ್ನ ಹಿಂದೆ ಇನ್ನೂ ಇಬ್ಬರು ಬೈತಾ ಇದ್ದಾರೆ."

"ಪೊಲಾಕೋ ಇಬ್ರಾಹಿಮಣ್ಣ," ಎನ್ನುತ್ತೇನೆ.

ಈ ರೈಲು ನಿಜವಾಗಿ ಇಲ್ಲ ಎಂದು ಮಿರ್ಸಾದರಿಗೆ ಹೇಳಲಿಕ್ಕೆ ನಮಗೆ ಬಹಳ ದಿನ ಮುಜುಗರ ಇತ್ತು. ಕೊನೆಗೆ ಇವರು ಅಮ್ರಾಳಿಗೆ ಬರೆದರು. ಬಂಟ್ವಾಳದ ಈಚೆಗೆ ಹಳಿಯೇ ಇಲ್ಲ, ಕ್ಷಮಿಸಬೇಕು, ಎಂದು. ಅವಳು ಅಪ್ಪನ ಉತ್ತರ ಕಳಿಸಿದಳು: "ಇಲ್ಲೂ ಈಗ ಇಲ್ಲವಲ್ಲ." ಅದರ ಕೆಳಗೆ ಒಂದು ದೂರು. ಇಷ್ಟು ಸಲ ಲಾಯಿಲಕ್ಕೆ ಬಂದರೂ ಪ್ಲಾಟ್‌ಫಾರ್ಮಿನಲ್ಲಿ ಒಬ್ಬರೂ ಇಲ್ಲ. ನೆಂಟರು ಮನೆಯ ಎದುರು ಬಂದು ಇಳಿದರೆ ಮನೆಯವರು ಕಾಣುವುದು ಬೇಡವಾ?

ಇವರು ಎರಡು ದಿನ ಕೂತು ಕೆಲಸ ಮಾಡಿ ನನ್ನನ್ನು ಕರೆದರು. ಲಾಯಿಲದ ಪ್ಲಾಟ್‌ಫಾರ್ಮಿನಲ್ಲಿ, ನೀರಿನ ನಳ್ಳಿಯ ಹತ್ತಿರ, ಸೆರಗು ಸೊಂಟಕ್ಕೆ ಸಿಕ್ಕಿಸಿದ ಒಂದು ಹೆಂಗಸು ಕೊಡೆ ಹಿಡಿದು ನಿಂತಿದ್ದಾಳೆ. ರೈಲು ಬಂದರೆ ತಲೆ ತಿರುಗಿಸುತ್ತಾಳೆ.

"ಮಾತಾಡುವುದಿಲ್ಲವಾ?" ಎಂದು ಕೇಳಿದೆ.

"ಅದಕ್ಕೆ ರೆಕಾರ್ಡಿಂಗ್ ಇಲ್ಲ," ಅಂದರು.